ಭವಿಷ್ಯವಾಣಿ ಎಂದರೇನು? ಅದರಿಂದ ಹೊಸ ಧರ್ಮ ಹುಟ್ಟಬಹುದೇ?

ಮುಂದೆ ಆಗುವುದನ್ನು ಮೊದಲೇ ಹೇಳಿದರೆ ಅದು ಭವಿಷ್ಯವಾಣಿ. ಸಾಮಾನ್ಯವಾಗಿ ನಾವು ಕೊಡುವ ಅರ್ಥ ಇಷ್ಟೇ. ಆದರೆ ನಾಳೆ ಮಳೆ ಬರುತ್ತದೆ ಎಂದು ಹವಾಮಾನ ಇಲಾಖೆ ಹೇಳಿದರೆ ಅದನ್ನು ಯಾರೂ ಭವಿಷ್ಯವಾಣಿ ಅನ್ನುವುದಿಲ್ಲ. ಅದು ಮುನ್ಸೂಚನೆ. ಅದರ ಹಿಂದೆ ಲೆಕ್ಕ ಇದೆ, ಉಪಕರಣ ಇದೆ. ಗೊತ್ತಿದ್ದವರು ಆ ಲೆಕ್ಕವನ್ನು ಮತ್ತೆ ಮಾಡಿ ನೋಡಬಹುದು. ಭವಿಷ್ಯವಾಣಿಯನ್ನು ಹಾಗೆ ಪರೀಕ್ಷಿಸಲು ಬರುವುದಿಲ್ಲ. ಹೇಳಿದವರಿಗೆ ಆ ತಿಳಿವು ದೇವರಿಂದಲೋ, ಕನಸಿನಿಂದಲೋ, ನಕ್ಷತ್ರಗಳಿಂದಲೋ ಬಂತು ಎಂದು ಕೇಳುವವರು ನಂಬಬೇಕು. ಅಂದರೆ ಮೊದಲು ಆ ಮನುಷ್ಯನ ಮೇಲೆ ನಂಬಿಕೆ ಬರಬೇಕು, ಆಮೇಲೆ ಮಾತಿನ ಮೇಲೆ.

ಧರ್ಮಕ್ಕೂ ಬೇಕಾಗುವುದು ಇದೇ ನಂಬಿಕೆ. ಹಾಗಾದರೆ ನಾಸ್ಟ್ರಡಾಮಸ್‌ನಂಥ ಹೆಸರುವಾಸಿ ಭವಿಷ್ಯಕಾರನ ಮಾತುಗಳಿಂದ ಹೊಸ ಧರ್ಮವೊಂದು ಹುಟ್ಟಬಹುದೇ? ಸುಮಾರು ನಾಲ್ಕೂವರೆ ಶತಮಾನಗಳಿಂದ ಜನ ಅವನನ್ನು ಓದುತ್ತಲೇ ಇದ್ದಾರೆ. ದೊಡ್ಡ ಯುದ್ಧ, ದೊಡ್ಡ ದುರಂತ ಏನಾದರೂ ಅವನ ಪುಸ್ತಕದ ಸಾಲುಗಳು ಮತ್ತೆ ಓಡಾಡಲು ಶುರುವಾಗುತ್ತವೆ. ಇಷ್ಟು ಹೆಸರು ಮಾಡಿದವನ ಸುತ್ತ ಇಷ್ಟು ಕಾಲದಲ್ಲಿ ಒಂದು ಧರ್ಮ ಬೆಳೆದು ನಿಲ್ಲಲಿಲ್ಲ. ಯಾಕೆ ಅಂತ ನೋಡಿದರೆ ಭವಿಷ್ಯವಾಣಿ ಅಂದರೇನು ಅನ್ನುವುದೂ ಸರಿಯಾಗಿ ತಿಳಿಯುತ್ತದೆ.

ನಾಸ್ಟ್ರಡಾಮಸ್‌ನ ನಿಜವಾದ ಹೆಸರು ಮಿಷೆಲ್ ದ ನಾಸ್ಟ್ರಡಾಮ್. 1503ರಲ್ಲಿ ದಕ್ಷಿಣ ಫ್ರಾನ್ಸಿನ ಪ್ರಾವೆನ್ಸ್ ಪ್ರಾಂತ್ಯದಲ್ಲಿ ಹುಟ್ಟಿದ. ಪ್ಲೇಗ್ ಹಬ್ಬಿದ ಊರುಗಳಲ್ಲಿ ರೋಗಿಗಳನ್ನು ನೋಡಿಕೊಂಡ. 1550ರ ಸುಮಾರಿಗೆ ವರ್ಷಕ್ಕೊಂದು ಪಂಚಾಂಗ ಬರೆಯತೊಡಗಿದ. ಅವು ಚೆನ್ನಾಗಿ ಮಾರಾಟವಾದವು. 1555ರಲ್ಲಿ ಲಿಯಾನ್ ನಗರದಲ್ಲಿ ಅವನ ಪ್ರಸಿದ್ಧ ಪುಸ್ತಕದ ಮೊದಲ ಭಾಗ ಅಚ್ಚಾಯಿತು. ನಾಲ್ಕು ನಾಲ್ಕು ಸಾಲಿನ ಪದ್ಯಗಳು, ನೂರರ ಗುಂಪುಗಳಲ್ಲಿ. ನಂತರದ ಮುದ್ರಣಗಳಲ್ಲಿ ಸೇರಿದ್ದೂ ಲೆಕ್ಕ ಹಾಕಿದರೆ ನಮಗೆ ಉಳಿದಿರುವುದು 942 ಪದ್ಯಗಳು. ಹಳೆಯ ಫ್ರೆಂಚ್, ನಡುನಡುವೆ ಲ್ಯಾಟಿನ್, ಗ್ರೀಕ್ ಮತ್ತು ಪ್ರಾವೆನ್ಸಿನ ಆಡುಮಾತು. ಕಾಲಕ್ರಮ ಇಲ್ಲ. ಹೆಚ್ಚಿನ ಪದ್ಯಗಳಲ್ಲಿ ಇಸವಿಯೂ ಇಲ್ಲ.

ಅವನ ಪದ್ಯಗಳಲ್ಲಿ ತುಂಬ ಹೆಸರುವಾಸಿಯಾದದ್ದು ಒಂದಿದೆ. ಎಳೆಯ ಸಿಂಹ ಹಳೆಯ ಸಿಂಹವನ್ನು ಒಂಟಿ ಕಾಳಗದಲ್ಲಿ ಸೋಲಿಸುತ್ತದೆ, ಚಿನ್ನದ ಪಂಜರದೊಳಗೆ ಕಣ್ಣು ಚುಚ್ಚುತ್ತದೆ, ಕ್ರೂರವಾದ ಸಾವು ಬರುತ್ತದೆ ಅನ್ನುವ ಅರ್ಥದ್ದು. 1559ರಲ್ಲಿ ಫ್ರಾನ್ಸಿನ ದೊರೆ ಎರಡನೇ ಹೆನ್ರಿ ಕುದುರೆ ಮೇಲಿನ ಈಟಿ ಪಂದ್ಯದಲ್ಲಿ ಗಾಯಗೊಂಡ. ಎದುರಾಳಿಯ ಈಟಿಯ ಚೂರು ಕಣ್ಣಿನ ಬಳಿ ನೆಟ್ಟಿತು. ಹತ್ತು ದಿನ ನರಳಿ ಸತ್ತ. ಕೇಳಿದರೆ ಮೈ ಜುಮ್ಮೆನ್ನುತ್ತದೆ, ಅಲ್ವಾ? ಆದರೆ ಪದ್ಯದಲ್ಲಿ ದೊರೆಯ ಹೆಸರಿಲ್ಲ, ಇಸವಿ ಇಲ್ಲ. ಅದು ಯುದ್ಧಭೂಮಿ ಅನ್ನುತ್ತದೆ, ಆದರೆ ನಡೆದದ್ದು ಸಂಭ್ರಮದ ಪಂದ್ಯ. ಪದ್ಯಕ್ಕೂ ಈ ಸಾವಿಗೂ ನಂಟು ಹಾಕಿದ್ದು ಘಟನೆ ನಡೆದ ಮೇಲೆ, ಓದಿದವರು. ಈ ಪುಸ್ತಕದ ಹೆಚ್ಚಿನ ಕಥೆಗಳೂ ಹೀಗೇ. 'ಹಿಸ್ಟರ್' ಎಂಬ ಪದವನ್ನು ಹಿಟ್ಲರ್ ಎಂದು ಓದುವವರಿದ್ದಾರೆ. ಅದು ಡ್ಯಾನ್ಯೂಬ್ ನದಿಯ ಹಳೆಯ ಹೆಸರು.

ತನ್ನ ಮಗ ಸೀಸರ್‌ನನ್ನು ಉದ್ದೇಶಿಸಿ ಬರೆದ ಮುನ್ನುಡಿಯಲ್ಲಿ ನಾಸ್ಟ್ರಡಾಮಸ್ ಒಂದು ಮಾತು ಹೇಳಿದ್ದಾನೆ. ನಾನು ಪ್ರವಾದಿ ಎಂಬ ಪದ ಬಳಸಿದ್ದರೂ ಅಷ್ಟು ಎತ್ತರದ ಬಿರುದನ್ನು ನನಗೆ ನಾನೇ ಕೊಟ್ಟುಕೊಳ್ಳಲಾರೆ ಎಂಬುದು ಅದರ ಸಾರ. ನನಗಂತೂ ಇಡೀ ಪುಸ್ತಕದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ ಮಾತು. ಆತ ಕ್ಯಾಥೊಲಿಕನಾಗಿ ಬದುಕಿದ. 1566ರಲ್ಲಿ ತೀರಿಕೊಂಡ. ಅವನ ಸಮಾಧಿ ಸಾಲೊನ್ ಪಟ್ಟಣದ ಕ್ಯಾಥೊಲಿಕ್ ಚರ್ಚಿನೊಳಗೇ ಇದೆ. ಜನರನ್ನು ತನ್ನ ಹಿಂದೆ ಬನ್ನಿ ಎಂದು ಕರೆಯಲಿಲ್ಲ. ಹೀಗೆ ಬದುಕಿ, ಇದನ್ನು ಬಿಡಿ ಎಂದು ಯಾವ ಕಟ್ಟುಪಾಡನ್ನೂ ಹಾಕಲಿಲ್ಲ.

ಇಲ್ಲಿ ಪ್ರವಾದಿಗೂ ಭವಿಷ್ಯಕಾರನಿಗೂ ಇರುವ ವ್ಯತ್ಯಾಸ ನೋಡಬೇಕು. ಎರಡನ್ನೂ ಒಂದೇ ಎಂದು ತಿಳಿಯುವವರು ಜಾಸ್ತಿ. ಹೀಬ್ರೂ ಪರಂಪರೆಯ ಪ್ರವಾದಿಗಳು ದೇವರ ಪರವಾಗಿ ಮಾತಾಡುವವರು. ಮುಂದಾಗುವುದನ್ನು ಹೇಳುವುದು ಆ ಕೆಲಸದ ಒಂದು ಭಾಗ ಅಷ್ಟೇ. ಕ್ರಿಸ್ತಪೂರ್ವ 8ನೇ ಶತಮಾನದ ಆಮೋಸ ಕುರಿ ಕಾಯುತ್ತಿದ್ದವನು. ಬಡವರನ್ನು ಒಂದು ಜೊತೆ ಚಪ್ಪಲಿಗೆ ಮಾರುತ್ತಿದ್ದೀರಿ ಎಂದು ಉಳ್ಳವರ ಮುಖಕ್ಕೇ ಹೇಳಿದ. ನಾಡಿಗೆ ಕೇಡು ಬರುತ್ತದೆ ಎಂಬ ಅವನ ಎಚ್ಚರಿಕೆ ಈ ಸಿಟ್ಟಿನಿಂದ ಬಂದದ್ದು.

ಬೈಬಲಿನ ಇನ್ನೊಬ್ಬ ಪ್ರವಾದಿ ಯೋನನ ಕಥೆ ಇದನ್ನು ಇನ್ನೂ ಸ್ಪಷ್ಟ ಮಾಡುತ್ತದೆ. ನಲವತ್ತು ದಿನಗಳಲ್ಲಿ ನಿನೆವೆ ನಗರ ನಾಶವಾಗುತ್ತದೆ ಎಂದು ಅವನು ಸಾರಿದ. ಊರಿನವರು ಹೆದರಿದರು, ಉಪವಾಸ ಕೂತರು, ಕೆಟ್ಟ ದಾರಿ ಬಿಟ್ಟರು. ನಗರ ಉಳಿಯಿತು. ಲೆಕ್ಕದ ಪ್ರಕಾರ ಭವಿಷ್ಯವಾಣಿ ಸುಳ್ಳಾಯಿತು. ಯೋನನಿಗೂ ಅದೇ ಸಿಟ್ಟು. ಆದರೆ ಆ ಕಥೆಯನ್ನು ಉಳಿಸಿಕೊಂಡು ಬಂದವರಿಗೆ ಅದು ಸೋಲಾಗಿ ಕಾಣಲಿಲ್ಲ. ಜನ ಬದಲಾದರಲ್ಲ, ಮಾತು ತನ್ನ ಕೆಲಸ ಮಾಡಿತು.

ಧರ್ಮ ಹುಟ್ಟುವ ಜಾಗ ಇದೇ ಎಂದು ನನ್ನ ಅಭಿಪ್ರಾಯ. 'ಹೀಗಾಗುತ್ತದೆ' ಅನ್ನುವ ಮಾತು ಕುತೂಹಲ ಹುಟ್ಟಿಸುತ್ತದೆ, ಭಯ ಹುಟ್ಟಿಸುತ್ತದೆ. 'ಹೀಗಾಗುತ್ತದೆ, ಆದ್ದರಿಂದ ನೀವು ಹೀಗಿರಬೇಕು' ಅನ್ನುವ ಮಾತು ಜನರನ್ನು ಒಂದೆಡೆ ಸೇರಿಸುತ್ತದೆ. ಸೇರಿದವರು ವಾರಕ್ಕೊಮ್ಮೆ ಭೇಟಿಯಾಗುತ್ತಾರೆ, ಒಟ್ಟಿಗೆ ಪ್ರಾರ್ಥಿಸುತ್ತಾರೆ, ಮಕ್ಕಳಿಗೆ ಕಲಿಸುತ್ತಾರೆ, ಸತ್ತವರನ್ನು ತಮ್ಮದೇ ಕ್ರಮದಲ್ಲಿ ಕಳಿಸಿಕೊಡುತ್ತಾರೆ. ಆ 'ಆದ್ದರಿಂದ' ನಾಸ್ಟ್ರಡಾಮಸ್‌ನ 942 ಪದ್ಯಗಳಲ್ಲಿ ಇಲ್ಲ.

ಅದು ಇದ್ದಾಗ ಏನಾಗುತ್ತದೆ ಎಂದು ನೋಡಲು 1844ನೇ ಇಸವಿ ಒಳ್ಳೆಯ ಉದಾಹರಣೆ. ಆ ವರ್ಷ ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ದೇಶಗಳಲ್ಲಿ ಎರಡು ದೊಡ್ಡ ಭವಿಷ್ಯವಾಣಿಗಳು ಧರ್ಮದ ದಾರಿ ಹಿಡಿದವು.

ಇರಾನಿನ ಶಿರಾಜ್ ನಗರದಲ್ಲಿ 1844ರ ಮೇ ತಿಂಗಳಲ್ಲಿ ಸೈಯದ್ ಅಲಿ ಮುಹಮ್ಮದ್ ಎಂಬ ಯುವ ವ್ಯಾಪಾರಿ ತಾವು ದೇವರ ಕಡೆಯಿಂದ ಬಂದವರು ಎಂದು ಸಾರಿದರು. 'ಬಾಬ್', ಅಂದರೆ ಬಾಗಿಲು ಎಂಬುದು ಅವರ ಬಿರುದು. ತಮಗಿಂತ ದೊಡ್ಡವರೊಬ್ಬರು ಬರಲಿದ್ದಾರೆ, 'ದೇವರು ಪ್ರಕಟಿಸಲಿರುವವನು' ಬರುತ್ತಾನೆ ಎಂದು ಅವರು ಮತ್ತೆ ಮತ್ತೆ ಹೇಳಿದರು. ಬಂದಾಗ ಅವನನ್ನು ಒಪ್ಪಿಕೊಳ್ಳುವುದು ನಿಮ್ಮ ಕರ್ತವ್ಯ ಎಂದೂ ಕಟ್ಟುಮಾಡಿದರು. 1850ರಲ್ಲಿ ತಬ್ರಿಜ್ ನಗರದಲ್ಲಿ ಸರ್ಕಾರ ಅವರನ್ನು ಗುಂಡಿಟ್ಟು ಕೊಲ್ಲಿಸಿತು. ಸಾವಿರಾರು ಅನುಯಾಯಿಗಳೂ ಜೀವ ಕಳೆದುಕೊಂಡರು. 1863ರಲ್ಲಿ ಬಾಗ್ದಾದಿನ ಒಂದು ತೋಟದಲ್ಲಿ, ಗಡಿಪಾರಾಗಿದ್ದ ಬಹಾವುಲ್ಲಾ ಅವರು ಆ ಬರಬೇಕಾದವನು ನಾನೇ ಎಂದರು. ಬಾಬ್ ಅವರ ಅನುಯಾಯಿಗಳಲ್ಲಿ ಹೆಚ್ಚಿನವರು ಒಪ್ಪಿದರು. ಕೆಲವರು ಬಹಾವುಲ್ಲಾ ಅವರ ಮಲತಮ್ಮನ ಕಡೆ ಉಳಿದರು. ಬಹಾಯಿ ಧರ್ಮ ಹೀಗೆ ಬಂತು. ಇಂದು ಅದರ ಕೇಂದ್ರ ಇಸ್ರೇಲಿನ ಹೈಫಾದಲ್ಲಿದೆ, ಅನುಯಾಯಿಗಳು ಜಗತ್ತಿನ ತುಂಬ ಇದ್ದಾರೆ. ಒಬ್ಬರ ಭವಿಷ್ಯವಾಣಿ ನೇರವಾಗಿ ಇನ್ನೊಂದು ಧರ್ಮಕ್ಕೆ ಬಾಗಿಲು ತೆರೆದದ್ದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಕಾಣುವುದಿಲ್ಲ.

ಅದೇ ಹೊತ್ತಿಗೆ ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬ ರೈತ ಬೈಬಲಿನ ದಾನಿಯೇಲನ ಪುಸ್ತಕದಲ್ಲಿ ಬರುವ 2300 ದಿನಗಳನ್ನು ವರ್ಷಗಳೆಂದು ಎಣಿಸಿ, ಕ್ರಿಸ್ತ ಮರಳಿ ಬರುವ ಕಾಲ ಹತ್ತಿರವಾಯಿತು ಎಂದು ಹೇಳುತ್ತಿದ್ದ. ಕೊನೆಗೆ ಅವನ ಜೊತೆಗಾರರು 1844ರ ಅಕ್ಟೋಬರ್ 22 ಎಂದು ದಿನವನ್ನೇ ಗೊತ್ತುಮಾಡಿದರು. ಹತ್ತಾರು ಸಾವಿರ ಜನ ನಂಬಿದರು. ಕೆಲವರು ಬೆಳೆ ಕೊಯ್ಯದೆ ಹೊಲದಲ್ಲೇ ಬಿಟ್ಟರು. ಆ ದಿನ ಏನೂ ಆಗಲಿಲ್ಲ. ರಾತ್ರಿಯಿಡೀ ಕಾದವರು ಬೆಳಗಾಗುವವರೆಗೆ ಅತ್ತರು. ಇತಿಹಾಸದಲ್ಲಿ ಆ ದಿನಕ್ಕೆ 'ಮಹಾ ನಿರಾಶೆ' ಎಂದೇ ಹೆಸರು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು ಅನ್ನಿಸುತ್ತದೆ. ಮುಗಿಯಲಿಲ್ಲ. ಅನೇಕರು ಬಿಟ್ಟು ಹೋದರು, ಉಳಿದ ಒಂದು ಗುಂಪು ಲೆಕ್ಕವನ್ನು ಮತ್ತೆ ಓದಿತು. ದಿನ ಸರಿಯೇ ಇತ್ತು, ಅಂದು ನಡೆದ ಘಟನೆ ಭೂಮಿಯಲ್ಲಿ ಅಲ್ಲ, ಸ್ವರ್ಗದ ದೇವಾಲಯದಲ್ಲಿ ಎಂಬ ಅರ್ಥಕ್ಕೆ ಬಂತು. ಶನಿವಾರವನ್ನು ವಿಶ್ರಾಂತಿಯ ದಿನವಾಗಿ ಪಾಲಿಸಲು ಶುರುಮಾಡಿತು. ಊಟ, ಆರೋಗ್ಯದ ಬಗ್ಗೆ ತನ್ನದೇ ನಿಯಮಗಳು ಬಂದವು. ಶಾಲೆಗಳು, ಆಸ್ಪತ್ರೆಗಳು ಎದ್ದವು. 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ ಅಧಿಕೃತವಾಗಿ ಸ್ಥಾಪನೆಯಾಯಿತು. ಈಗ ಅದರ ಸದಸ್ಯರು ಎರಡು ಕೋಟಿಗೂ ಹೆಚ್ಚು. ಅದು ಕ್ರೈಸ್ತ ಧರ್ಮದ ಒಳಗಿನ ಸಭೆ, ಬೇರೆ ಧರ್ಮ ಅಲ್ಲ, ನಿಜ. ಆದರೂ ಸುಳ್ಳಾದ ಒಂದು ದಿನಾಂಕದಿಂದ ಇಷ್ಟು ದೊಡ್ಡ ಸಮುದಾಯ ಎದ್ದಿತು ಅನ್ನುವುದನ್ನು ಸುಮ್ನೆ ದಾಟಿ ಹೋಗಲು ಆಗುವುದಿಲ್ಲ.

ಭವಿಷ್ಯ ಸುಳ್ಳಾದಾಗ ನಂಬಿದವರ ಮನಸ್ಸಿನಲ್ಲಿ ಏನಾಗುತ್ತದೆ ಎಂದು ಮನಶ್ಶಾಸ್ತ್ರಜ್ಞರೂ ಕೇಳಿದ್ದಾರೆ. 1954ರ ಡಿಸೆಂಬರ್ 21ರಂದು ಮಹಾಪ್ರಳಯ ಬರುತ್ತದೆ ಎಂದು ಕಾದಿದ್ದ ಷಿಕಾಗೊ ಬಳಿಯ ಒಂದು ಚಿಕ್ಕ ಗುಂಪಿನೊಳಗೆ ಲಿಯಾನ್ ಫೆಸ್ಟಿಂಗರ್ ಅವರ ತಂಡ ಸೇರಿಕೊಂಡು ಗಮನಿಸಿತು. ಪ್ರಳಯ ಬಾರದಿದ್ದರೂ ಕೆಲವರ ನಂಬಿಕೆ ಇನ್ನೂ ಬಲವಾಯಿತು ಎಂದು ಬರೆದರು. ಗುಂಪು ಅಷ್ಟು ಚಿಕ್ಕದಿರುವಾಗ ಗಮನಿಸಲು ಹೋದವರೇ ಅದರ ನಡವಳಿಕೆಯನ್ನು ಬದಲಿಸಿರಬಹುದು ಎಂಬ ಆಕ್ಷೇಪ ಆಮೇಲೆ ಬಂತು. ಆ ಆಕ್ಷೇಪ ನ್ಯಾಯವಾದದ್ದೇ. ಹಾಗಾಗಿ ಈ ವಿಷಯದಲ್ಲಿ ನನಗೆ 1844 ಹೆಚ್ಚು ಗಟ್ಟಿಯಾದ ಸಾಕ್ಷಿ.

ಹೆಸರು ಎಷ್ಟೇ ದೊಡ್ಡದಿದ್ದರೂ ಅದರಿಂದಲೇ ಧರ್ಮ ಆಗುವುದಿಲ್ಲ ಅನ್ನುವುದಕ್ಕೆ ಭವಿಷ್ಯ ಹೇಳುತ್ತಿದ್ದ ಬಲ್ಗೇರಿಯಾದ ಬಾಬಾ ವಂಗಾ ಸಾಕ್ಷಿ. ಕಣ್ಣು ಕಾಣದ ಆಕೆಯ ಬಳಿ ದಶಕಗಳ ಕಾಲ ಜನ ಸಾಲುಗಟ್ಟಿ ಬರುತ್ತಿದ್ದರು. 1996ರಲ್ಲಿ ತೀರಿಕೊಂಡರು. ರುಪಿಟೆಯಲ್ಲಿ ಆಕೆ ಕಟ್ಟಿಸಿದ ಚರ್ಚ್ ಇದೆ, ಅದು ಸಂತ ಪೆಟ್ಕಾಳ ಹೆಸರಿನದು. ಆಕೆಯ ಹೆಸರಿನಲ್ಲಿ ಪ್ರತಿ ಹೊಸ ವರ್ಷಕ್ಕೂ ಭವಿಷ್ಯಗಳು ಹರಿದಾಡುತ್ತವೆ, ಆದರೆ ಆಕೆಯ ಧರ್ಮ ಎಂಬುದೊಂದು ಇಲ್ಲ.

ಹಾಗಾದರೆ ನಾಸ್ಟ್ರಡಾಮಸ್‌ನಿಂದ ಧರ್ಮ ಹುಟ್ಟಲು ಸಾಧ್ಯವೇ ಇಲ್ಲವೇ? ಅವನ ಪುಸ್ತಕದಲ್ಲಿ ಇಲ್ಲದ 'ಆದ್ದರಿಂದ'ವನ್ನು ಬೇರೆಯವರು ತಂದು ಸೇರಿಸಬಹುದು. ಜಪಾನಿನಲ್ಲಿ ಆದದ್ದು ಅದೇ.

ಅವನ ಒಂದು ಪದ್ಯದಲ್ಲಿ ಅಪರೂಪಕ್ಕೆ ಇಸವಿ ಇದೆ. 1999ರ ಏಳನೇ ತಿಂಗಳಲ್ಲಿ ಆಕಾಶದಿಂದ ಭಯದ ಮಹಾರಾಜ ಬರುತ್ತಾನೆ ಎಂದು. 1973ರಲ್ಲಿ ಈ ಪದ್ಯವನ್ನು ಲೋಕದ ಅಂತ್ಯ ಎಂದು ವಿವರಿಸಿದ ಜಪಾನಿ ಪುಸ್ತಕವೊಂದು ಲಕ್ಷಾಂತರ ಪ್ರತಿ ಮಾರಾಟವಾಯಿತು. ತೈಲ ಬಿಕ್ಕಟ್ಟಿನ ವರ್ಷ ಅದು, ಮಾಲಿನ್ಯದ ಭಯವೂ ಇತ್ತು. ಒಂದು ತಲೆಮಾರಿನ ಮಕ್ಕಳು 1999 ಎಂಬ ಸಂಖ್ಯೆಯನ್ನು ತಲೆಯಲ್ಲಿಟ್ಟುಕೊಂಡೇ ಬೆಳೆದರು. 1980ರ ದಶಕದಲ್ಲಿ ಅಲ್ಲಿ ಹುಟ್ಟಿದ ಹೊಸ ಪಂಥಗಳ ಕಿವಿಗೂ ಇದು ಬಿದ್ದಿತ್ತು. ಕೊಫುಕು ನೊ ಕಗಾಕು ಎಂಬ ಪಂಥದ ಸ್ಥಾಪಕ ರ್ಯುಹೊ ಒಕಾವಾ ನಾಸ್ಟ್ರಡಾಮಸ್‌ನ ಆತ್ಮದ ಮಾತುಗಳು ಎಂದು ಪುಸ್ತಕ ಹೊರತಂದರು.

ಓಂ ಶಿನ್ರಿಕ್ಯೊ ಎಂಬ ಇನ್ನೊಂದು ಪಂಥದ ಗುರು ಶೋಕೊ ಅಸಹಾರ ಇನ್ನೂ ಮುಂದೆ ಹೋದ. 1984ರಲ್ಲಿ ಯೋಗದ ಗುಂಪಾಗಿ ಶುರುವಾದ ಆ ಪಂಥ 1989ರಲ್ಲಿ ಅಧಿಕೃತ ಧಾರ್ಮಿಕ ಸಂಸ್ಥೆಯಾಯಿತು. ಬೌದ್ಧ ಮಾತುಗಳು, ಶಿವ, ಬೈಬಲಿನ ಅಂತಿಮ ಯುದ್ಧ, ಜೊತೆಗೆ ನಾಸ್ಟ್ರಡಾಮಸ್, ಎಲ್ಲವನ್ನೂ ಅಸಹಾರ ಬೆರೆಸಿದ. ಪದ್ಯಗಳು ತನ್ನ ಬಗ್ಗೆಯೇ ಹೇಳುತ್ತಿವೆ ಎಂದ. ಅಂತ್ಯ ಬರುತ್ತಿದೆ, ಆದ್ದರಿಂದ ಮನೆ ಬಿಡಿ, ಆಸ್ತಿ ಕೊಡಿ, ನನ್ನ ಮಾತು ಕೇಳಿ ಎಂದ. ನಂಬಿದವರಲ್ಲಿ ವಿಜ್ಞಾನ ಓದಿದವರು, ವೈದ್ಯರು ಇದ್ದರು. 1995ರ ಮಾರ್ಚ್ 20ರಂದು ಟೋಕಿಯೊದ ಸುರಂಗ ರೈಲುಗಳಲ್ಲಿ ಅವರು ಸಾರಿನ್ ವಿಷ ಹರಡಿದರು. 13 ಜನ ಸತ್ತರು. ಅಂದಿನಿಂದ ಹಾಸಿಗೆ ಹಿಡಿದಿದ್ದ ಇನ್ನೊಬ್ಬರು 2020ರಲ್ಲಿ ತೀರಿಕೊಂಡರು. ಗಾಯಗೊಂಡವರು ಸಾವಿರಾರು. 16ನೇ ಶತಮಾನದ ವೈದ್ಯನೊಬ್ಬನ ನಾಲ್ಕು ಸಾಲಿನ ಪದ್ಯಕ್ಕೂ ಆ ರೈಲಿನಲ್ಲಿ ಕೆಲಸಕ್ಕೆ ಹೊರಟಿದ್ದವರಿಗೂ ಏನು ಸಂಬಂಧ? ಯಾವ ಸಂಬಂಧವೂ ಇರಲಿಲ್ಲ. ನಡುವೆ ನಿಂತವನು ಅದನ್ನು ಕಟ್ಟಿದ.

1999ರ ಜುಲೈ ಬಂತು, ಹೋಯಿತು. ಲೋಕ ಮುಗಿಯಲಿಲ್ಲ. ಅಸಹಾರನನ್ನು 2018ರಲ್ಲಿ ಗಲ್ಲಿಗೇರಿಸಲಾಯಿತು. ಅವನ ಪಂಥ 2000ದಲ್ಲಿ ಅಲೆಫ್ ಎಂದು ಹೆಸರು ಬದಲಿಸಿಕೊಂಡಿತು, 2007ರಲ್ಲಿ ಅದರಿಂದ ಇನ್ನೊಂದು ಗುಂಪು ಒಡೆದು ಬಂತು. ಎರಡರ ಮೇಲೂ ಜಪಾನ್ ಸರ್ಕಾರ ಕಣ್ಣಿಟ್ಟಿದೆ. ಪದ್ಯದ ಗಡುವು ಮುಗಿದ ಮೇಲೂ ಹೊಸದಾಗಿ ಸೇರುವವರು ಅಲ್ಲಿಗೆ ಬರುತ್ತಲೇ ಇದ್ದಾರೆ.