ಕಲಾ ವಿದ್ಯಾರ್ಥಿಯ ಭೌತವಿಜ್ಞಾನ: ಹಟ್ಟಿಯ ಚಿನ್ನದಿಂದ ಆರಂಭಿಸಬಹುದಾದ ಪಾಠ

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಬಿ.ಎ., ಬಿ.ಕಾಂ. ಓದುತ್ತಿರುವ ಬಹುಪಾಲು ವಿದ್ಯಾರ್ಥಿಗಳಿಗೆ ಭೌತವಿಜ್ಞಾನದ ನಂಟು ಎಸ್‌ಎಸ್‌ಎಲ್‌ಸಿಗೇ ಕಡಿದಿರುತ್ತದೆ. ಅಲ್ಲಿಯವರೆಗೆ ಅವರು ಓದಿದ್ದು ಬೆಳಕಿನ ಪ್ರತಿಫಲನ, ವಿದ್ಯುತ್ತು, ಕಾಂತಗಳ ಪಾಠ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವಾಗಲಿ ಹಿಗ್ಗುತ್ತಿರುವ ವಿಶ್ವವಾಗಲಿ ಅದರಲ್ಲಿ ಬರುವುದಿಲ್ಲ. ಮೊದಲ ಹತ್ತು ವರ್ಷ ವಿಜ್ಞಾನ, ಗಣಿತಗಳು ಎಲ್ಲರಿಗೂ ಕಡ್ಡಾಯವಾಗಿರಲಿ ಎಂದು 1964–66ರ ಕೊಠಾರಿ ಶಿಕ್ಷಣ ಆಯೋಗ ಹೇಳಿದ್ದು ಸರಿಯಾದ ಮಾತೇ. ಆದರೆ ಹತ್ತರ ಆಚೆಗೆ ವಿಭಾಗಗಳ ನಡುವೆ ಎದ್ದ ಗೋಡೆ ಇಂದಿಗೂ ಗಟ್ಟಿಯಾಗಿಯೇ ಇದೆ.

ತರಗತಿಯ ಹೊರಗೆ ಅವಕಾಶಗಳು ಇರಲಿಲ್ಲವೆಂದಲ್ಲ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ‘ವಿಜ್ಞಾನ’ ಪತ್ರಿಕೆಯನ್ನು ಕನ್ನಡದಲ್ಲಿ ಹೊರತಂದದ್ದು 1918ರಷ್ಟು ಹಿಂದೆ. 1980ರ ಫೆಬ್ರುವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಕರಾವಳಿಯಿಂದ ರಾಯಚೂರು ಸೀಮೆಯ ಮೇಲೆ ಹಾದುಹೋದಾಗ, ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿ ಶಿಬಿರ ಹೂಡಿ ಸೂರ್ಯನ ಹೊರ ವಾತಾವರಣವಾದ ಪ್ರಭಾವಲಯವನ್ನು ಅಧ್ಯಯನ ಮಾಡಿದರು. ಸೂರ್ಯನ ಪಕ್ಕದಲ್ಲಿ ಹಾದುಬರುವ ನಕ್ಷತ್ರದ ಬೆಳಕು ಬಾಗುತ್ತದೆ ಎಂಬ ಐನ್‌ಸ್ಟೈನರ ಮಾತನ್ನು 1919ರಲ್ಲಿ ಪರೀಕ್ಷೆಗೆ ಒಡ್ಡಿದ್ದೂ ಇಂಥದೇ ಗ್ರಹಣದಲ್ಲಿ. ಈ ಎರಡನ್ನು ಜೋಡಿಸಿ ಪಾಠ ಮಾಡಬಹುದಾಗಿದ್ದ ಆ ಮಧ್ಯಾಹ್ನ ದೇಶದ ಎಷ್ಟೋ ಮನೆಗಳು ಗ್ರಹಣದ ಭಯದಿಂದ ಬಾಗಿಲು ಹಾಕಿಕೊಂಡಿದ್ದವು.

ಗಣಿತವಿಲ್ಲದೆ ಈ ವಿಷಯ ತಲೆಗೆ ಹತ್ತದು ಎಂಬ ಆಕ್ಷೇಪ ಹಳೆಯದು, ಅರ್ಧದಷ್ಟು ನಿಜ ಕೂಡ. ಅದಕ್ಕೆ ಪರಿಹಾರವೆಂದು ಊದುವ ಬಲೂನಿನ ಚಿತ್ರವನ್ನು ತೋರಿಸಿ ವಿಶ್ವ ಹಿಗ್ಗುತ್ತದೆ ಎಂದು ಮುಗಿಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಬಲೂನಿಗೆ ಹೊರಗೊಂದು ಜಾಗವಿದೆ, ವಿಶ್ವಕ್ಕೂ ಹಾಗೆಯೇ ಇರಬೇಕೆಂಬ ತಪ್ಪು ಕಲ್ಪನೆ ಮಕ್ಕಳ ಮನಸ್ಸಿನಲ್ಲಿ ಬೇರೂರುತ್ತದೆ. ಅದಕ್ಕಿಂತ ನಮ್ಮ ನೆಲದಿಂದಲೇ ಹೊರಡಬಹುದು. ಈ ಹಿಗ್ಗುವಿಕೆಯ ಆರಂಭವಾದ ಮಹಾಸ್ಫೋಟದ ಮೊದಲ ನಿಮಿಷಗಳಲ್ಲಿ ಹುಟ್ಟಿದ್ದು ಹೈಡ್ರೋಜನ್, ಹೀಲಿಯಂ ಮತ್ತು ಅತ್ಯಲ್ಪ ಲಿಥಿಯಂ. ಸಂಡೂರಿನ ಗುಡ್ಡಗಳ ಕಬ್ಬಿಣ ಬಂದದ್ದು ಆಮೇಲಿನ ನಕ್ಷತ್ರಗಳಿಂದ, ಅವುಗಳ ಸ್ಫೋಟಗಳಿಂದ. ನಕ್ಷತ್ರದೊಳಗೆ ಹಗುರ ಧಾತುಗಳು ಬೆಸೆದುಕೊಂಡಾಗ ಶಕ್ತಿ ಹೊಮ್ಮುತ್ತದೆ, ಆದರೆ ಕಬ್ಬಿಣಕ್ಕಿಂತ ಭಾರವಾದ ಧಾತುಗಳನ್ನು ಹಾಗೆ ಬೆಸೆಯಲು ಹೊರಟರೆ ಶಕ್ತಿ ಸಿಗುವುದಿಲ್ಲ, ಖರ್ಚಾಗುತ್ತದೆ. ಹಾಗಿದ್ದರೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿಯ ಚಿನ್ನ ಎಲ್ಲಿಂದ ಬಂತು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಇದಕ್ಕೆ ಒಂದು ಉತ್ತರ 2017ರ ಆಗಸ್ಟ್ 17ರಂದು ದೊರೆಯಿತು. ಬೆಳಕು ಬಂದು ತಲುಪಲು ಸುಮಾರು 13 ಕೋಟಿ ವರ್ಷ ಬೇಕಾಗುವಷ್ಟು, ಅಂದರೆ 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು (ಸ್ಫೋಟಗೊಂಡ ನಕ್ಷತ್ರಗಳ ಅತಿ ಸಾಂದ್ರ ಉಳಿಕೆಗಳು) ಡಿಕ್ಕಿ ಹೊಡೆದುದರ ಗುರುತ್ವ ಅಲೆಗಳನ್ನು, ಅಂದರೆ ದೇಶ-ಕಾಲದಲ್ಲಿ ಎದ್ದ ಕಂಪನಗಳನ್ನು, ಅವುಗಳ ಪತ್ತೆಗೆಂದೇ ಕಟ್ಟಿದ ಲೈಗೋ ಮತ್ತು ವರ್ಗೋ ಉಪಕರಣಗಳು ಹಿಡಿದವು, 1.7 ಸೆಕೆಂಡು ತಡವಾಗಿ ಬೆಳಕಿನದೇ ಒಂದು ರೂಪವಾದ ಗಾಮಾ ಕಿರಣಗಳು ತಲುಪಿದವು. 13 ಕೋಟಿ ವರ್ಷ ಪಯಣಿಸಿದ ಇಬ್ಬರ ನಡುವೆ ಎರಡು ಸೆಕೆಂಡಿನಷ್ಟೂ ಅಂತರವಿಲ್ಲ ಎಂದಮೇಲೆ ಗುರುತ್ವ ಅಲೆಯ ವೇಗ ಬೆಳಕಿನ ವೇಗಕ್ಕೆ ಸಮನೆಂದು ವಾಣಿಜ್ಯ ವಿದ್ಯಾರ್ಥಿಯೂ ತಾನೇ ತೀರ್ಮಾನಿಸಬಲ್ಲ. ಇದಕ್ಕೆ ಸಮೀಕರಣ ಬೇಕಿಲ್ಲ. ಆ ಡಿಕ್ಕಿಯ ಬೆಳಕನ್ನು ದೂರದರ್ಶಕಗಳಲ್ಲಿ ನೋಡಿದಾಗ ಚಿನ್ನದಂಥ ಭಾರ ಧಾತುಗಳು ಅಲ್ಲಿ ರೂಪುಗೊಳ್ಳುವುದರ ಕುರುಹುಗಳೂ ಕಂಡವು.

2021–22ರಲ್ಲಿ ರಾಜ್ಯ ಜಾರಿಗೆ ತಂದ ಪದವಿ ಪಠ್ಯಕ್ರಮದಲ್ಲಿ ಮುಕ್ತ ಆಯ್ಕೆಯ ವಿಷಯಗಳ ಮೂಲಕ ಕಲಾ ವಿದ್ಯಾರ್ಥಿಗಳೂ ವಿಜ್ಞಾನದ ಒಂದು ಪತ್ರಿಕೆಯನ್ನು ಓದಲು ದಾರಿಯಿತ್ತು. 2024–25ರಲ್ಲಿ ಆ ಪಠ್ಯಕ್ರಮವೇ ಬದಲಾಯಿತು. ಮುಂದೆ ಇಂಥ ಪತ್ರಿಕೆಯೊಂದು ಮತ್ತೆ ಬಂದರೆ, ಹಟ್ಟಿಯ ಚಿನ್ನವೆಲ್ಲ ಇಂಥ ಡಿಕ್ಕಿಗಳಿಂದಲೇ ಬಂದಿತೋ, ಅಪರೂಪದ ಬೇರೆ ಸ್ಫೋಟಗಳ ಪಾಲೂ ಅದರಲ್ಲಿದೆಯೋ ಎಂಬ ವಿಜ್ಞಾನಿಗಳ ನಡುವಿನ ಇನ್ನೂ ಮುಗಿಯದ ಚರ್ಚೆಯನ್ನೂ ಅದರಲ್ಲಿ ಸೇರಿಸಬೇಕು.