ನಾಯಿ ಹಾಸಿಗೆ ಮೇಲೆ ಮಲಗಿದರೆ ಕಾಯಿಲೆ ಬರುತ್ತಾ?

ಪ್ರಶ್ನೆ: ನಮ್ಮ ನಾಯಿ ರಾತ್ರಿ ನನ್ನ ಹಾಸಿಗೆಯಲ್ಲೇ ಮಲಗುತ್ತದೆ. ಅದರ ಕೂದಲು ಹೊಟ್ಟೆಗೆ ಹೋದರೆ ಕಾಯಿಲೆ ಬರುತ್ತದೆ ಅಂತ ಅತ್ತೆ ಬೈಯುತ್ತಾರೆ. ಇದು ನಿಜವಾ? ಕೆಳಗೆ ಮಲಗಿಸಬೇಕಾ?

ಒಂದೆರಡು ಕೂದಲು ಹೊಟ್ಟೆಗೆ ಹೋದರೆ ಏನೂ ಆಗುವುದಿಲ್ಲ, ಹಾಗೇ ಹೊರಗೆ ಹೋಗುತ್ತವೆ. ಆದರೂ ಅತ್ತೆಯ ಅನುಮಾನವನ್ನು ಪೂರ್ತಿ ತಳ್ಳಿಹಾಕಬೇಡಿ. ಕೂದಲಿನ ಬುಡದಲ್ಲಿ ಏನಿದೆ ಅಂತ ಒಮ್ಮೆ ಬಿಡಿಸಿ ನೋಡಿ.

ನನ್ನ ಪ್ರಕಾರ ಮೊದಲ ಶತ್ರು ರಕ್ತ ಹೀರುವ ಉಣ್ಣೆ, ಅಂದರೆ ಟಿಕ್. ನಮ್ಮ ನಾಯಿಗಳಿಗೆ ಸಾಮಾನ್ಯವಾಗಿ ಹತ್ತುವ ಕಂದು ಉಣ್ಣೆಗೆ ಹುಲ್ಲು, ಪೊದೆ ಯಾವುದೂ ಬೇಡ, ಮನೆಯೊಳಗೇ ಸಂಸಾರ ಹೂಡುತ್ತದೆ. ರಕ್ತ ಕುಡಿದು ಬಟಾಣಿಯಷ್ಟು ಊದಿಕೊಂಡ ಹೆಣ್ಣು ಉಣ್ಣೆ ಕೆಳಗೆ ಉದುರಿ, ಗೋಡೆಯ ಬಿರುಕಲ್ಲೋ ಮಂಚದ ಸಂದಿಯಲ್ಲೋ ಸಾವಿರಾರು ಮೊಟ್ಟೆ ಇಡುತ್ತದೆ. ಅದಕ್ಕೆ ನಾಯಿಯೇ ಇಷ್ಟ, ಆದರೆ ಮನುಷ್ಯರನ್ನೂ ಕಚ್ಚುವುದುಂಟು. ಹಾಗೆ ಕಚ್ಚಿದಾಗ ಜ್ವರ, ಮೈಮೇಲೆ ಕೆಂಪು ದದ್ದು ತರುವ ಟಿಕ್ ಟೈಫಸ್ ಬರಬಹುದು. ಮಲೆನಾಡಿನವರು ಇನ್ನೂ ಹುಷಾರಾಗಿರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಕಾಡಿನ ಉಣ್ಣೆ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಟ ಜಾಸ್ತಿ. ಆಗ ಕಾಡು ಸುತ್ತಿ ಬಂದ ನಾಯಿಯನ್ನು ಹಾಸಿಗೆ ಹತ್ತಿಸಲೇಬೇಡಿ.

ಕಿವಿಯೊಳಗೆ, ಕುತ್ತಿಗೆ ಪಟ್ಟಿಯ ಕೆಳಗೆ, ಕಾಲ್ಬೆರಳ ಸಂದಿಯಲ್ಲಿ ಬೆರಳಾಡಿಸಿ ನೋಡಿ. ಉಣ್ಣೆ ಸಿಕ್ಕರೆ ಚಿಮಟದಲ್ಲಿ ಚರ್ಮಕ್ಕೆ ತಾಗುವಂತೆ ಹಿಡಿದು ನೇರವಾಗಿ ಎಳೆಯಿರಿ. ಹೇನು ಕುಕ್ಕಿದ ಹಾಗೆ ಉಗುರಲ್ಲಿ ಕುಕ್ಕಬೇಡಿ. ಔಷಧಿ ಪಶುವೈದ್ಯರನ್ನು ಕೇಳಿಯೇ ಹಾಕಿ. ಮನೆಯಲ್ಲಿ ಬೆಕ್ಕೂ ಇದ್ದರೆ ಅದನ್ನು ಮೊದಲೇ ಹೇಳಿ. ನಾಯಿಯ ಬೆನ್ನಿಗೆ ಹಾಕುವ ಕೆಲವು ಡ್ರಾಪ್ಸ್‌ನಲ್ಲಿ ಪರ್ಮೆಥ್ರಿನ್ ಇರುತ್ತದೆ, ಅದು ಬೆಕ್ಕಿನ ಪ್ರಾಣವನ್ನೇ ತೆಗೆಯಬಹುದು.

ಎರಡನೆಯದು ಹುಳುಕಡ್ಡಿ. ಇದು ಮರಿಗಳಿಂದ, ಅದರಲ್ಲೂ ಬೆಕ್ಕಿನ ಮರಿಗಳಿಂದ ಹತ್ತುವುದು ಹೆಚ್ಚು. ಗುಂಡಗೆ ಕೂದಲುದುರಿದ ಜಾಗ ಕಂಡರೆ ವಾಸಿಯಾಗುವ ತನಕ ಹಾಸಿಗೆಯಿಂದ ದೂರ ಇಡಿ.

ಜಂತುಹುಳದ ವಿಷಯದಲ್ಲಿ ಹಾಸಿಗೆಯನ್ನು ಸುಮ್ನೆ ದೂರುತ್ತೇವೆ. ನಾಯಿಯ ಮಲದಲ್ಲಿ ಬರುವ ದುಂಡುಹುಳದ ಮೊಟ್ಟೆ ಸೋಂಕು ತರುವ ಹಂತಕ್ಕೆ ಬರಲು ಮಣ್ಣಿನಲ್ಲಿ ಎರಡು ವಾರವಾದರೂ ಬೇಕು. ಅಂದರೆ ಮಕ್ಕಳು ಆಡುವ ಅಂಗಳದ ಮಣ್ಣೇ ಹೆಚ್ಚು ಅಪಾಯ. ಬಸುರಿಯರು ಹೆದರುವ ಟಾಕ್ಸೊಪ್ಲಾಸ್ಮ ಎಂಬ ಪರಾವಲಂಬಿಯೂ ಬೆಕ್ಕು ಪಕ್ಕದಲ್ಲಿ ಮಲಗಿದ್ದಕ್ಕೆ ಬರುವುದಿಲ್ಲ. ಬೆಕ್ಕಿನ ಮಟ್ಟಿಗೆ ಹೇಳುವುದಾದರೆ, ಅದರ ಮಲದ ಟ್ರೇಯನ್ನು ದಿನಾ ಬೇರೆಯವರು ತೆಗೆದರೆ ಸಾಕು.

ರೇಬೀಸ್ ಲಸಿಕೆ ಆಗದ ನಾಯಿಗೆ ಹಾಸಿಗೆ ಬೇಡ. ಆಟಕ್ಕೆ ಪರಚಿದ್ದೇ ಆದರೂ ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಡಾಕ್ಟರ್ ಹತ್ತಿರ ಹೋಗಿ.

ಇನ್ನು ಕೆಲವರಿಗೆ ನಾನು ಖಂಡಿತ ಬೇಡ ಎನ್ನುತ್ತೇನೆ. ಎಳೆಕೂಸು ಮಲಗುವ ಜಾಗ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗ ಕಸಿ ಮಾಡಿಸಿಕೊಂಡವರು, ಗುಲ್ಮ (ಸ್ಪ್ಲೀನ್) ತೆಗೆಸಿಕೊಂಡವರು. ನಾಯಿಯ ಬಾಯಲ್ಲಿ ಸಹಜವಾಗಿಯೇ ಇರುವ ಬ್ಯಾಕ್ಟೀರಿಯಾ ಇವರಿಗೆ ದುಬಾರಿಯಾಗಬಹುದು. ಉಬ್ಬಸ, ಅಲರ್ಜಿ ಇರುವವರ ಮಲಗುವ ಕೋಣೆಗೇ ಪ್ರಾಣಿ ಬೇಡ. ಅಲರ್ಜಿ ತರುವುದು ಜೊಲ್ಲು ಮತ್ತು ಚರ್ಮದ ಹೊಟ್ಟಿನಲ್ಲಿರುವ ಪ್ರೋಟೀನು, ಬೆಕ್ಕು ಮನೆ ಬಿಟ್ಟ ಮೇಲೂ ಅದು ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ನೀವು ಆರೋಗ್ಯವಾಗಿದ್ದು, ನಾಯಿಗೆ ಲಸಿಕೆ ಆಗಿದ್ದು, ಮೈಯಲ್ಲಿ ಉಣ್ಣೆ ಇಲ್ಲದೆ, ಮೂರು ತಿಂಗಳಿಗೊಮ್ಮೆ ಹುಳದ ಮಾತ್ರೆ ಕೊಡುತ್ತಿದ್ದರೆ ಮಲಗಲಿ ಬಿಡಿ. ಕಾಲ ಬಳಿ ಅದಕ್ಕೇ ಬೇರೆ ಹೊದಿಕೆ ಹಾಸಿ, ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ. ನಿದ್ದೆ ಕೆಡುತ್ತಿದ್ದರೆ ಮಾತ್ರ ಅದರ ಹಾಸಿಗೆಯನ್ನು ಅದೇ ಕೋಣೆಯ ನೆಲದ ಮೇಲೆ ಹಾಕಿ ನೋಡಿ. 2017ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನವರು 40 ಜನರನ್ನು ಗಮನಿಸಿದಾಗ, ನಾಯಿ ಕೋಣೆಯಲ್ಲಿದ್ದರೆ ನಿದ್ದೆಗೆ ಅಷ್ಟೇನೂ ತೊಂದರೆ ಇರಲಿಲ್ಲ, ಮಂಚ ಹತ್ತಿದಾಗ ನಿದ್ದೆ ತುಸು ಕೆಟ್ಟಿತ್ತು.