ಆರ್ಕ್ಟಿಕ್ ಗುಡ್ಡದ ಮೇಲೆ ಕಪ್ಪೆಚಿಪ್ಪು ಹೇಗೆ ಬಂತು?

ಪ್ರಶ್ನೆ: ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ ಸಮುದ್ರಕ್ಕಿಂತ ಹತ್ತಾರು ಮೀಟರ್ ಎತ್ತರದಲ್ಲೂ ಹಳೇ ಕಪ್ಪೆಚಿಪ್ಪು ಸಿಗುತ್ತವಂತೆ. ಹಿಂದೆ ಸಮುದ್ರ ಅಷ್ಟು ಮೇಲಕ್ಕೆ ಏರಿತ್ತಾ?

ಉತ್ತರ: ಇಲ್ಲ, ಏರಿದ್ದು ನೆಲ. ಆ ಚಿಪ್ಪುಗಳಲ್ಲಿ ಹಲವು ಸುಮಾರು 10,000 ವರ್ಷ ಹಳೆಯವು. ಆಗ ಜಗತ್ತಿನ ಸಮುದ್ರಮಟ್ಟ ಇಂದಿಗಿಂತ ಕೆಳಗೇ ಇತ್ತು!

ನಾರ್ವೆಯ ಉತ್ತರಕ್ಕಿರುವ ಈ ದ್ವೀಪಗಳನ್ನು ಹಿಮಯುಗದ ಮಂಜುಗಡ್ಡೆ ತನ್ನ ಭಾರದಿಂದ ಕೆಳಕ್ಕೆ ಅದುಮಿತ್ತು. ಮಂಜು ಕರಗುತ್ತಾ ಹಿಂದೆ ಸರಿದಾಗ, ತಗ್ಗಾಗಿದ್ದ ಜಾಗಕ್ಕೆ ಸಮುದ್ರ ನುಗ್ಗಿತು. ಕರಗಿದ ನೀರು ಹೊತ್ತು ತಂದ ನುಣ್ಣನೆಯ ಜೇಡಿ ತಳದಲ್ಲಿ ಕೂತಿತು. ಕಪ್ಪೆಚಿಪ್ಪುಗಳು ಅದರಲ್ಲೇ ಬದುಕಿ, ಅದರಲ್ಲೇ ಸತ್ತವು. ಭಾರ ಇಳಿದ ನೆಲ ಮಾತ್ರ ನಿಧಾನವಾಗಿ ಮೇಲೇಳುತ್ತಲೇ ಹೋಯಿತು. ಹಳೇ ದಡಗಳು ಒಂದರ ಮೇಲೊಂದು ಮೆಟ್ಟಿಲುಗಳ ಹಾಗೆ ಉಳಿದವು. ಅಲ್ಲಿ ತಿಮಿಂಗಿಲದ ಮೂಳೆ, ತೇಲಿ ಬಂದ ಮರದ ದಿಮ್ಮಿಗಳೂ ಸಿಗುತ್ತವೆ.

ಹಕ್ಕಿಗಳು ತಂದು ಹಾಕಿರಬಹುದಲ್ವಾ ಅಂತ ನಿಮಗೆ ಅನ್ನಿಸಬಹುದು. ಒಳ್ಳೆಯ ಅನುಮಾನವೇ. ಅದಕ್ಕೇ ಸಂಶೋಧಕರು ಚಿಪ್ಪು ಹೇಗೆ ಕೂತಿದೆ ಅಂತ ಮೊದಲು ನೋಡುತ್ತಾರೆ. ಹಕ್ಕಿ ಕುಕ್ಕಿದರೆ, ಅಲೆ ಉರುಳಿಸಿದರೆ ಎರಡು ಹೋಳುಗಳು ಬೇರೆಯಾಗುತ್ತವೆ. ಜೇಡಿಯೊಳಗೆ ಎರಡೂ ಹೋಳು ಕೂಡಿಕೊಂಡು, ಬದುಕಿದ್ದಾಗ ಹೇಗಿತ್ತೋ ಹಾಗೇ ನಿಂತಿದ್ದರೆ ಅದು ಅಲ್ಲಿಯದೇ ಜೀವಿ. ಇಂಥದ್ದನ್ನು ನೋಡಿದರೆ ನನಗೆ ಮೈ ಜುಮ್ಮೆನ್ನುತ್ತದೆ.

ವಯಸ್ಸು ತಿಳಿಯಲು, ಕಾಲ ಕಳೆದಂತೆ ಕಡಿಮೆಯಾಗುವ ವಿಕಿರಣಶೀಲ ಇಂಗಾಲ ಚಿಪ್ಪಿನಲ್ಲಿ ಎಷ್ಟು ಉಳಿದಿದೆ ಅಂತ ಅಳೆಯುತ್ತಾರೆ. ಆದರೆ ಸಮುದ್ರದ ನೀರಿನಲ್ಲಿ ಹಳೇ ಇಂಗಾಲ ಬೆರೆತಿರುತ್ತದೆ. ಹಾಗಾಗಿ ಚಿಪ್ಪು ನಿಜಕ್ಕಿಂತ ಕೆಲವು ನೂರು ವರ್ಷ ಜಾಸ್ತಿ ಹಳೆಯದಾಗಿ ತೋರುತ್ತದೆ. ಅಷ್ಟನ್ನು ಕಳೆದೇ ಲೆಕ್ಕ ಹಾಕಬೇಕು.

ಚಿಪ್ಪಿನ ಜಾತಿ ನೀರಿನ ಬಿಸಿಯನ್ನೂ ಹೇಳುತ್ತದೆ. ಪೋರ್ಟ್‌ಲ್ಯಾಂಡಿಯಾ ಆರ್ಕ್ಟಿಕಾ ಎಂಬ ಜಾತಿಯ ಚಿಪ್ಪು ಸಿಕ್ಕರೆ ಅಲ್ಲಿ ಕೊರೆಯುವ ತಣ್ಣೀರಿತ್ತು, ಪಕ್ಕದಲ್ಲೇ ಮಂಜುಗಡ್ಡೆ ಇದ್ದಿರಬಹುದು ಎಂದರ್ಥ. ನಮ್ಮ ಕರಾವಳಿಯ ಪಚ್ಚಿಲೆಯ ದೂರದ ನೆಂಟನಾದ ನೀಲಿ ಮಸಲ್‌ಗೆ ಅಷ್ಟು ಚಳಿ ತಡೆಯಲು ಆಗುವುದಿಲ್ಲ. ಹಿಮಯುಗ ಮುಗಿದ ಮೇಲಿನ ಬೆಚ್ಚನೆಯ ಕಾಲದಲ್ಲಿ ಅದು ಸ್ವಾಲ್‌ಬಾರ್ಡ್‌ಗೆ ಬಂದಿತ್ತು, ನೀರು ತಣ್ಣಗಾದ ಮೇಲೆ ಕಾಣೆಯಾಯಿತು. ಸುಮಾರು 1,000 ವರ್ಷ ಅಲ್ಲಿ ಅದರ ಸುಳಿವೇ ಇರಲಿಲ್ಲ. 2004ರಲ್ಲಿ ಅಲ್ಲಿನ ಇಸ್‌ಫ್ಯೋರ್ಡ್ ಎಂಬ ಕಡಲಚಾಚಿನ ಬಾಯಿಯಲ್ಲಿ ಅದು ಮತ್ತೆ ಜೀವಂತವಾಗಿ ಸಿಕ್ಕಿತು.